ಸರದಿಯಲ್ಲಿ ನಿಂತವನು ಸರದಿ ತಪ್ಪಿಸಿದವರಿಗೆ ನೀರು ಹೊರಬೇಕಾ?

ಬೆಟಗೇರಿ_ಹರವಿ

ಎಲ್ಲರಿಗೂ ವಂದನೆ. ಇದನ್ನು ಬರೆಯಲಾ ಬೇಡವಾ ಅಂತ ಎರಡು ವಾರ ಯೋಚನೆ ಮಾಡಿದೆ. ಇಲ್ಲಿ ನಮ್ಮ ಸಭೆಯವರಿದ್ದೀರಿ, ಮಂಗಳೂರು ಕಡೆಯ ಕಥೋಲಿಕರಿದ್ದೀರಿ, ಸುಮ್ನೆ ಓದಿ ಹೋಗುವವರಿದ್ದೀರಿ. ಬೈಯುವವರೂ ಇದ್ದೀರಿ. ಇರಲಿ.

ನಾನು ಗದಗ-ಬೆಟಗೇರಿಯವನು. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ ಚರ್ಚಿನವರು. ಈಗ ಅರಿಜೋನಾದ ಟೂಸಾನ್‌ನಲ್ಲಿದ್ದೇನೆ. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಬಂದು ಹದಿಮೂರು ವರ್ಷ ಆಯಿತು. ಗ್ರೀನ್ ಕಾರ್ಡ್ ಸರದಿಯಲ್ಲಿ ನನ್ನ ಅರ್ಜಿಯ ದಿನಾಂಕ 2014ರದು. ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ಕ್ಕಿಂತ ಜಾಸ್ತಿ ಕೊಡಬಾರದು ಅಂತ ಕಾನೂನು ಇದೆಯಲ್ಲ, ಅದರ ಬಾಲದಲ್ಲಿ ನಾನು. ಮಗಳಿಗೆ 17. ಅವಳಿಗೆ 21 ತುಂಬುವುದರೊಳಗೆ ನನ್ನ ಸರದಿ ಬರದಿದ್ದರೆ ಅವಳ ದಾರಿ ಅವಳೇ ನೋಡಿಕೊಳ್ಳಬೇಕು. ಅಪ್ಪ ತೀರಿಕೊಂಡಾಗ ಊರಿಗೆ ಹೋದರೆ ವಾಪಸ್ ಬರಲು ವೀಸಾ ಸ್ಟಾಂಪಿಂಗ್‌ಗೆ ತಾರೀಖು ಸಿಗುವುದಿಲ್ಲ ಅಂತ ಹೋಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ.

ವಿಷಯಕ್ಕೆ ಬರುತ್ತೇನೆ. ಇಲ್ಲಿನ ನಮ್ಮ ಸಭೆಯಿಂದ ಆಗಾಗ ಒಂದು ಗುಂಪು ಮರುಭೂಮಿಗೆ ಹೋಗುತ್ತದೆ. ಮೆಕ್ಸಿಕೋ ಗಡಿ ದಾಟಿ ನಡೆದು ಬರುವವರು ಬಾಯಾರಿ ಸಾಯಬಾರದು ಅಂತ ನೀಲಿ ಪೀಪಾಯಿಗಳಿಗೆ ನೀರು ತುಂಬಿಸಿ ಬರುತ್ತಾರೆ. ಹ್ಯೂಮೇನ್ ಬಾರ್ಡರ್ಸ್ ಅಂತ ಸಂಸ್ಥೆ. 2000ದಲ್ಲಿ ಶುರುವಾದದ್ದು, ಮುಂದೆ ನಿಂತಿದ್ದವರಲ್ಲಿ ಒಬ್ಬರು ಪಾದ್ರಿ. ಎರಡು ವಾರದ ಹಿಂದೆ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಕೈ ಹಿಡಿದುಕೊಂಡರು. "ಟ್ರಕ್ ಓಡಿಸುವವರು ಕಡಿಮೆ ಇದ್ದಾರೆ, ಬರುತ್ತೀಯಾ?" ಅಂದರು. ನಾನು "ನೋಡ್ತೀನಿ" ಅಂದೆ. ನೋಡ್ತೀನಿ ಅಂದರೆ ಇಲ್ಲ ಅಂತ ನಮಗೆ ನಿಮಗೆ ಗೊತ್ತು. ಆ ಅಜ್ಜಿಗೆ ಗೊತ್ತಿಲ್ಲ. ಸಂತೋಷದಿಂದ ಹೆಸರು ಬರೆದುಕೊಂಡು ಹೋದರು.

ಅವತ್ತಿನಿಂದ ನಿದ್ದೆ ಸರಿಯಿಲ್ಲ. ನಿಜ ಹೇಳಬೇಕೆಂದರೆ ನನಗಿರುವುದು ಹೊಟ್ಟೆಕಿಚ್ಚು. ಫಾರ್ಮಿನಲ್ಲಿ ಒಂದು ಅಕ್ಷರ ತಪ್ಪಾದರೂ ಬೆವರುವ ಜನ ನಾವು. ಅವರು ರಾತ್ರಿ ನಡೆದು ಬಂದುಬಿಡುತ್ತಾರೆ.

ಇನ್ನೊಂದು ಕಡೆ ನಮ್ಮಜ್ಜಿ ನೆನಪಾಗುತ್ತಾರೆ. ಬೇಸಿಗೆ ಬಂದರೆ ಚರ್ಚ್ ಗೇಟಿನ ಹತ್ತಿರ ಅರವಟಿಗೆ ಇಡುತ್ತಿದ್ದರು. ಬೇವಿನ ಮರದ ಕೆಳಗೆ ಎರಡು ಹರವಿ, ಸುತ್ತ ಒದ್ದೆ ಗೋಣಿಚೀಲ, ಒಂದು ತಂಬಿಗೆ. ಸಂತೆಗೆ ಹೋಗುವವರು ಕುಡಿದು ಮುಖಕ್ಕೆ ಹಚ್ಚಿಕೊಂಡು ಹೋಗುತ್ತಿದ್ದರು. ಯಾರು ಏನು ಅಂತ ಅಜ್ಜಿ ಕೇಳಿದ್ದು ನಾನು ಕಾಣೆ.

ನನ್ನ ಪ್ರಶ್ನೆ ಇಷ್ಟೇ. ನಾನು ಹೋದರೆ ಬಾಯಾರಿದವನಿಗೆ ನೀರು ಕೊಟ್ಟ ಹಾಗಾ, ಅಕ್ರಮಕ್ಕೆ ನೀರೆರೆದ ಹಾಗಾ?

---

ಹೂಸ್ಟನ್_ಹಾಸನ

ಹೋಗಬೇಡಿ ಸರ್. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನೂ ಕಥೋಲಿಕನೇ. ಭಾನುವಾರದ ಪೂಜೆ ತಪ್ಪಿಸುವವನಲ್ಲ. ಕರುಣೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಆ ದಾರಿಯಲ್ಲಿ ನಡೆಸಿಕೊಂಡು ಬರುವವರು ಯಾರು ಅಂತ ನೋಡಿ. ಕಯೋಟಿ ಅಂತ ಕರೆಯುತ್ತಾರೆ, ಅಂದರೆ ಗುಳ್ಳೆನರಿ ಜಾತಿಯ ಪ್ರಾಣಿ. ಸರಿಯಾದ ಹೆಸರೇ. 2022ರ ಜೂನ್‌ನಲ್ಲಿ ಸ್ಯಾನ್ ಆಂಟೋನಿಯೋ ಹತ್ತಿರ ಒಂದು ಲಾರಿ ಸಿಕ್ಕಿತಲ್ಲ, ಒಳಗೆ 53 ಜನ ಸೆಕೆಗೆ ಬೆಂದು ಸತ್ತರು. ಅವರೆಲ್ಲರಿಂದ ಮೊದಲೇ ದುಡ್ಡು ವಸೂಲಿ ಆಗಿತ್ತು. ನಮ್ಮ ದೇಶದಲ್ಲೂ ಪಂಜಾಬ್, ಗುಜರಾತ್ ಕಡೆ ಡಂಕಿ ಅಂದರೆ ಕಳ್ಳದಾರಿಯ ಏಜೆಂಟರು ಹೊಲ ಮಾರಿಸಿ ಜನರನ್ನು ಕಳಿಸುತ್ತಾರೆ. 2025ರ ಫೆಬ್ರವರಿ 5ರಂದು ಮಿಲಿಟರಿ ವಿಮಾನದಲ್ಲಿ 104 ಜನ ಅಮೃತಸರಕ್ಕೆ ವಾಪಸ್ ಬಂದರು, ಕೈಗೆ ಕೋಳ. ಯಾವ ಏಜೆಂಟನಾದರೂ ಕೋಳ ಹಾಕಿಸಿಕೊಂಡನಾ? ಅಂಥವನಿಗೆ ನಿಮ್ಮ ನೀಲಿ ಪೀಪಾಯಿ ಒಂದು ಜಾಹೀರಾತು. "ಹೋಗಿ, ದಾರಿಯಲ್ಲಿ ನೀರೂ ಸಿಗುತ್ತದೆ" ಅಂತಾನೆ.

ಚರ್ಚ್ ಏನು ಹೇಳುತ್ತದೆ ಅಂತ ನೋಡಬೇಕಾದರೆ ಕಥೋಲಿಕ ಧರ್ಮೋಪದೇಶದ (ಕ್ಯಾಟೆಕಿಸಂ) 2241ನೇ ಕಲಮು ಪೂರ್ತಿ ಓದಿ. ಅನುಕೂಲ ಇರುವ ದೇಶಗಳು ಕೈಲಾದಷ್ಟು ಹೊರಗಿನವರನ್ನು ಸೇರಿಸಿಕೊಳ್ಳಬೇಕು ಅನ್ನುತ್ತದೆ, ಸರಿ. ಅದೇ ಕಲಮಿನಲ್ಲಿ ಸರ್ಕಾರ ಷರತ್ತು ಹಾಕಬಹುದು, ಬಂದವನು ಆ ದೇಶದ ಕಾನೂನು ಪಾಲಿಸಬೇಕು ಅಂತಲೂ ಇದೆ. ಮೊದಲ ಅರ್ಧ ಓದಿ ಪುಸ್ತಕ ಮುಚ್ಚುವವರೇ ಜಾಸ್ತಿ.

---

ಕೋಲಾರ_ಹುಣಸೆ

ಹಾಸನದ ಅಣ್ಣ, ಒಂದು ಸಣ್ಣ ಮಾತು. ನಾಳೆ ನಿಮ್ಮ ಕಂಪನಿ ಕೆಲಸದಿಂದ ತೆಗೆದರೆ ಬೇರೆ ಕೆಲಸ ಹುಡುಕಲು, ಇಲ್ಲಾ ದೇಶ ಬಿಡಲು 60 ದಿನ ಗಡುವು. 61ನೇ ದಿನ ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ಕನ್ನಡಿಯಲ್ಲಿ ಯಾರು ಕಾಣ್ತಾರೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರಿಗೆ ಹೀಗಾಯಿತು. 58ನೇ ದಿನ ಕೆಲಸ ಸಿಕ್ಕಿತು. ಆ ಎರಡು ತಿಂಗಳು ಅವರು ಬಾಗಿಲು ಬಡಿದರೆ ಮೊದಲು ಕಿಟಕಿ ಸಂದಿಯಿಂದ ನೋಡುತ್ತಿದ್ದರು.

---

ಹೂಸ್ಟನ್_ಹಾಸನ

ಅದು ಬೇರೆ, ಇದು ಬೇರೆ. ಬಾಗಿಲಿನಿಂದ ಬಂದು ಹೊತ್ತು ಮೀರಿದವನೂ ಗೋಡೆ ಹಾರಿ ಬಂದವನೂ ಒಂದೇನಾ?

---

ಧಾರವಾಡದ_ಅಯ್ಯನವರು

ಕರ್ತನಲ್ಲಿ ವಂದನೆಗಳು. ನಾನು ನಿವೃತ್ತ ಸಭಾಪಾಲಕ. ಮಗನ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇನೆ, ಹೊತ್ತು ಹೋಗುವುದಿಲ್ಲ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಹಾಸನದ ತಮ್ಮನ ಪರವಾಗಿ ಒಂದು ಮಾತು. ಬೈಬಲಿನ ಯಾಜಕಕಾಂಡ 19ರಲ್ಲಿ "ನಿಮ್ಮ ನಡುವೆ ಇರುವ ಪರದೇಶಿಯನ್ನು ಸ್ವದೇಶದವನಂತೆ ಕಾಣಿರಿ, ನೀವೂ ಐಗುಪ್ತದಲ್ಲಿ (ಈಜಿಪ್ಟ್) ಪರದೇಶಿಗಳಾಗಿದ್ದಿರಿ" ಎಂಬ ಅರ್ಥದ ಮಾತಿದೆ. ಎಲ್ಲರೂ ಎತ್ತಿ ಹೇಳುವ ವಚನ. ಅಲ್ಲಿ ಹೀಬ್ರೂ ಪದ ಗೇರ್. ಬಂದು ನೆಲೆ ನಿಂತವನು. ವ್ಯಾಪಾರಕ್ಕೋ ಇನ್ನೊಂದಕ್ಕೋ ಬಂದು ಹೋಗುವ ಹೊರಗಿನವನಿಗೆ ನೊಖ್ರಿ ಅಂತ ಬೇರೆ ಪದ. ಗೇರ್ ಅಂದರೆ ಒಪ್ಪಿಗೆ ಪಡೆದು ಇದ್ದವನು, ಇವತ್ತಿನ ಕಾಗದವಿಲ್ಲದವನಿಗೆ ಈ ವಚನ ಹೊಂದುವುದಿಲ್ಲ ಅಂತ ವಾದಿಸುವ ಪಂಡಿತರಿದ್ದಾರೆ. ಸುಮ್ನೆ ತಳ್ಳಿಹಾಕುವ ವಾದವಲ್ಲ. ಅರಣ್ಯಕಾಂಡ 20ರಲ್ಲಿ ಮೋಶೆ ಎದೋಮಿನ ಅರಸನಿಗೆ "ನಿಮ್ಮ ದೇಶ ದಾಟಿ ಹೋಗಲು ಬಿಡಿ, ಬಾವಿಯ ನೀರನ್ನೂ ಮುಟ್ಟುವುದಿಲ್ಲ" ಅಂತ ಹೇಳಿ ಕಳಿಸುತ್ತಾನೆ. ಅರಸ ಆಗುವುದಿಲ್ಲ ಅಂದ. ಇಸ್ರಾಯೇಲ್ಯರು ಸುತ್ತು ಬಳಸಿ ಹೋದರು. ಗಡಿ ಎಂಬುದು ಸತ್ಯವೇದಕ್ಕೆ ಗೊತ್ತಿಲ್ಲದ ಮಾತಲ್ಲ.

ಆದರೆ ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆಗ ಪಾಸ್‌ಪೋರ್ಟ್ ಎಲ್ಲಿತ್ತು? ಧರ್ಮೋಪದೇಶಕಾಂಡದಲ್ಲಿ ಗೇರ್ ಯಾರ ಜೊತೆಗೆ ಬರುತ್ತಾನೆ ನೋಡಿ. ಅನಾಥ, ವಿಧವೆ, ಗೇರ್. ಹೊಲದಲ್ಲಿ ಮರೆತ ಸಿವುಡು ಈ ಮೂವರಿಗೆ ಬಿಡಬೇಕು. ಅಂದರೆ ಸ್ವಂತ ಹೊಲ ಇಲ್ಲದವನು, ಹಿಂದೆ ಮುಂದೆ ಯಾರೂ ಇಲ್ಲದವನು. ಅವನ ಹತ್ತಿರ ಕಾಗದ ಕೇಳಿದ್ದಾಗಿ ಎಲ್ಲೂ ಇಲ್ಲ.

ಇನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ 13. ಮೇಲಿನ ಅಧಿಕಾರಿಗಳಿಗೆ ಅಧೀನರಾಗಿರಿ ಎಂಬ ಅಧ್ಯಾಯ. 2018ರ ಜೂನ್‌ನಲ್ಲಿ ಇಲ್ಲಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಂದ ಬೇರೆ ಮಾಡಿದ್ದರ ಬಗ್ಗೆ ಮಾತಾಡುವಾಗ ಇದನ್ನೇ ಎತ್ತಿದರು. ನಾನು ನಲವತ್ತು ವರ್ಷ ಪ್ರಸಂಗ ಮಾಡಿದವನು. ಪೌಲನು ಪತ್ರ ಬರೆದಾಗ ಅದಕ್ಕೆ ಅಧ್ಯಾಯದ ಅಂಕಿ ಇರಲಿಲ್ಲ. ಅಂಕಿ ಹಾಕಿದ್ದು ಸಾವಿರ ವರ್ಷ ಕಳೆದ ಮೇಲೆ. ಒಂದೇ ಉಸಿರಿನಲ್ಲಿ ಓದಿ ನೋಡಿ. 13 ಶುರುವಾಗುವುದಕ್ಕೆ ಎರಡು ಸಾಲು ಮುಂಚೆ ಏನಿದೆ? ನಿನ್ನ ವೈರಿ ಹಸಿದಿದ್ದರೆ ಊಟ ಕೊಡು, ಬಾಯಾರಿದ್ದರೆ ಕುಡಿಯಲು ಕೊಡು. ಆ ಉಸಿರು ಆರುವ ಮುಂಚೆಯೇ ಅಧಿಕಾರಿಗಳ ಮಾತು ಬರುತ್ತದೆ. ಪೌಲನಿಗೆ ಎರಡೂ ಒಟ್ಟಿಗೆ ಹೇಳಲು ಕಷ್ಟ ಆಗಲಿಲ್ಲ. ನಮಗೆ ಆಗುತ್ತದೆ.

ಕೊನೆಗೆ ಒಂದು ಭಾಷೆಯ ಮಾತು. ಮತ್ತಾಯ 25ರಲ್ಲಿ ಯೇಸು ತನ್ನ ಬಗ್ಗೆ ಹೇಳುವ "ಪರದೇಶಿಯಾಗಿದ್ದೆನು" ನಮಗೆಲ್ಲ ಬಾಯಿಪಾಠ. ಆದರೆ ನಮ್ಮ ಕಡೆ ಪರದೇಶಿ ಅಂದರೆ ಬೈಗುಳ. ಗತಿಗೆಟ್ಟವನು, ದಿಕ್ಕಿಲ್ಲದವನು. ಚಿಕ್ಕವನಿದ್ದಾಗ ಚರ್ಚಿನಲ್ಲಿ ಈ ವಚನ ಓದಿದರೆ ನಾನು ನಗುತ್ತಿದ್ದೆ. ಯೇಸುಸ್ವಾಮಿ ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ ಅಂತ. ಈಗ ಅನ್ನಿಸುತ್ತದೆ, ಅನುವಾದ ಮಾಡಿದವರು ಸರಿಯಾದ ಪದವನ್ನೇ ಇಟ್ಟಿದ್ದಾರೆ.

---

ಹೂಸ್ಟನ್_ಹಾಸನ

ಅಯ್ಯನವರೇ, ನಮಸ್ಕಾರ. ನನ್ನ ಕಡೆಯ ವಾದವನ್ನೂ ಹೇಳಿದ್ದಕ್ಕೆ ಥ್ಯಾಂಕ್ಸ್, ಇಲ್ಲಿ ಅದು ಅಪರೂಪ.

ಆದರೆ ಪ್ರೀತಿಗೂ ಒಂದು ಕ್ರಮ ಇದೆಯಲ್ಲ. ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ಊರು, ದೇಶ, ಆಮೇಲೆ ಜಗತ್ತು. 2025ರ ಜನವರಿಯಲ್ಲಿ ಉಪಾಧ್ಯಕ್ಷ ವ್ಯಾನ್ಸ್ ಅದನ್ನೇ ಹೇಳಿದರು. ಎಲ್ಲರೂ ಅವರ ಮೇಲೆ ಬಿದ್ದರು. ಮನೆಯ ಮಕ್ಕಳಿಗೆ ಹಾಲಿಲ್ಲದಾಗ ಬೀದಿಗೆ ಮಜ್ಜಿಗೆ ಹಂಚುವವನನ್ನು ನಾವು ಧರ್ಮಾತ್ಮ ಅಂತೀವಾ?

---

ಶಂಕರಪುರ_ಮಲ್ಲಿಗೆ

ಹಾಸನದವರೇ, ಆ ಮಾತಿಗೆ ಪೋಪ್ ಫ್ರಾನ್ಸಿಸ್ ಉತ್ತರ ಬರೆದರು, ಮರೆತಿರಾ? 2025ರ ಫೆಬ್ರವರಿ 10ರಂದು ಅಮೆರಿಕದ ಬಿಷಪ್ಪರಿಗೆ ಪತ್ರ. ಪ್ರೀತಿಯ ಸರಿಯಾದ ಕ್ರಮ ತಿಳಿಯಬೇಕಾದರೆ ಒಳ್ಳೆಯ ಸಮಾರ್ಯದವನ ಕಥೆ, ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ನೆರವಾದ ಹೊರಗಿನವನ ಕಥೆ, ಧ್ಯಾನ ಮಾಡಿ ಅಂದರು. ದೇಶಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿದೆ ಅಂತಲೂ ಅದೇ ಪತ್ರದಲ್ಲಿದೆ. ನೀವು ಹೇಳಿದ ಹಾಗೆ ಪೂರ್ತಿ ಓದಬೇಕು.

ಈಗ ನನ್ನ ಮನೆ ಕಥೆ. ಇಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮ ಅಣ್ಣ ಕುವೈತ್‌ನಲ್ಲಿದ್ದ. ಫ್ರೀ ವೀಸಾ ಅಂತ ಒಬ್ಬ ಏಜೆಂಟ್ ಕಳಿಸಿದ್ದು. ಕರಾವಳಿಯವರಿಗೆ ಗೊತ್ತು, ಫ್ರೀ ವೀಸಾದಲ್ಲಿ ಫ್ರೀ ಅನ್ನುವುದು ಏನೂ ಇಲ್ಲ. ಕಾಗದದ ಮೇಲೆ ಒಬ್ಬ ಕಫೀಲ, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವವನು, ಕೆಲಸ ಇನ್ನೆಲ್ಲೋ. ಎರಡನೇ ವರ್ಷ ಆ ಕಫೀಲ ನವೀಕರಣ ಮಾಡಲಿಲ್ಲ. ಅಣ್ಣ ಖಲ್ಲಿವಲ್ಲಿ ಆದ. ಕಾಗದ ಇಲ್ಲದವರಿಗೆ ಅಲ್ಲಿ ನಮ್ಮವರು ಹೇಳುವ ಹೆಸರು ಅದು. ಹೇಳುವಾಗ ನಗುತ್ತಾರೆ, ಹೇಳಿಸಿಕೊಂಡವನು ನಗುವುದಿಲ್ಲ. ಐದು ವರ್ಷ ಊರಿಗೆ ಬರಲಿಲ್ಲ. ಅಮ್ಮ ಮಲ್ಲಿಗೆ ಕಟ್ಟುತ್ತಾ ಕೂತಿರುತ್ತಿದ್ದರು, ಫೋನ್ ಬಂದರೆ ನೂಲು ಬಾಯಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದರು. "ಊಟ ಆಯ್ತಾ ಮಗಾ" ಅಂತ ಮಾತ್ರ ಕೇಳುತ್ತಿದ್ದರು. ಕಾಗದದ ವಿಷಯ ಎತ್ತಬಾರದು ಅಂತ ಅಪ್ಪ ಹೇಳಿದ್ದರು.

ಅವನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗಲು ಹೆದರಿಕೆ, ಗುರುತಿನ ಚೀಟಿ ಕೇಳುತ್ತಾರೆ. ರೂಮಿನಲ್ಲಿ ಮಲಗಿದ್ದ. ಅಲ್ಲಿನ ಚರ್ಚಿಗೆ ಬರುತ್ತಿದ್ದ ಒಬ್ಬ ಮಲಯಾಳಿ ನರ್ಸಕ್ಕ ಡ್ಯೂಟಿ ಮುಗಿಸಿ ಎರಡು ಬಸ್ಸು ಹಿಡಿದು ಬಂದು ಡ್ರಿಪ್ ಹಾಕಿದರು. ಗಂಜಿ ಮಾಡಿಟ್ಟು ಹೋದರು. ಸಿಕ್ಕಿಬಿದ್ದಿದ್ದರೆ ಅವರ ಕೆಲಸಕ್ಕೂ ಕುತ್ತು. 2018ರಲ್ಲಿ ಕುವೈತ್ ಸರ್ಕಾರ ಕ್ಷಮಾದಾನ ಕೊಟ್ಟಾಗ ಅಣ್ಣ ದಂಡ ಇಲ್ಲದೆ ವಾಪಸ್ ಬಂದ. ಕೈಯಲ್ಲಿ ಒಂದೇ ಬ್ಯಾಗು. ಅಮ್ಮ ಅವನನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

ಅಣ್ಣ ಮಾಡಿದ್ದು ಕಾನೂನಿಗೆ ತಪ್ಪು, ಅದು ಅವನಿಗೂ ಗೊತ್ತಿತ್ತು. ಆ ನರ್ಸಕ್ಕನಿಗೂ ಗೊತ್ತಿತ್ತು. ಆದರೂ ಬಂದರು. ಬೆಟಗೇರಿಯವರೇ, ನಿಮ್ಮ ಹೊಟ್ಟೆಕಿಚ್ಚಿನ ಬಗ್ಗೆ ನಾಚಿಕೆ ಬೇಡ. ಅದು ಲೂಕನ ಸುವಾರ್ತೆಯಲ್ಲೇ ಇದೆ. ಆಸ್ತಿ ಹಾಳು ಮಾಡಿ ತಪ್ಪಿಹೋದ ಮಗ ಮನೆಗೆ ಬಂದಾಗ ತಂದೆ ಔತಣ ಮಾಡಿದ, ಆಗ ಹಿರಿಯ ಮಗ ಏನಂದ? "ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ." ಪಕ್ಕಾ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತವನ ಮಾತು, ಅಲ್ವಾ?

---

ಹೂಸ್ಟನ್_ಹಾಸನ

ಅಕ್ಕ, ಆ ಹಿರಿಯ ಮಗನಿಗೆ ತಂದೆ "ನನ್ನದೆಲ್ಲಾ ನಿನ್ನದೇ" ಅಂದ. ನಮಗೆ ಇಲ್ಲಿನ ಇಲಾಖೆ ಹಾಗೆ ಹೇಳಿದೆಯಾ?

ತಮಾಷೆ ಬಿಡಿ. ನಿಮ್ಮ ಅಣ್ಣನ ಕಥೆ ಓದಿ ಬೇಜಾರಾಯಿತು. ಆದರೆ ಅವರು ಕೊನೆಗೆ ವಾಪಸ್ ಬಂದರು. ನಾನು ಕೇಳುತ್ತಿರುವುದೂ ಅಷ್ಟೇ.

---

ಸೊನೋರಾ_ಸೋಮಾರಿ

ಟೂಸಾನ್‌ನಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಮೈಸೂರಿನವನು. ಕ್ರೈಸ್ತನಲ್ಲ, ಆದರೆ ಈ ಊರಿನ ಚರ್ಚುಗಳ ಕಥೆ ನನಗೆ ಗೊತ್ತು. ಗೊತ್ತಿಲ್ಲದೆ ಇಲ್ಲಿ ಇರುವುದೇ ಕಷ್ಟ.

1982ರ ಮಾರ್ಚ್ 24. ನಮ್ಮೂರಿನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಬಾಗಿಲಲ್ಲಿ ಬ್ಯಾನರ್ ಕಟ್ಟಿ, ಇದು ಮಧ್ಯ ಅಮೆರಿಕದಿಂದ ಓಡಿ ಬಂದವರಿಗೆ ಆಶ್ರಯ ಅಂತ ಊರಿಗೆಲ್ಲ ಸಾರಿತು. ಆ ತಾರೀಖನ್ನು ಬೇಕಂತಲೇ ಆರಿಸಿದ್ದು. ಎರಡು ವರ್ಷ ಹಿಂದೆ ಅದೇ ದಿನ ಎಲ್ ಸಾಲ್ವಡಾರ್‌ನಲ್ಲಿ ಆರ್ಚ್‌ಬಿಷಪ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಕ್ಕಿ ಕೊಂದಿದ್ದರು. ಮುಂದೆ ನಿಂತವರು ಆ ಚರ್ಚಿನ ಪಾದ್ರಿ ಜಾನ್ ಫೈಫ್, ಜೊತೆಗೆ ಜಿಮ್ ಕಾರ್ಬೆಟ್ ಅಂತ ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಬ್ಬ, ಆಡು ಸಾಕುವವನು. ಆಗ ಸಾಲ್ವಡಾರ್, ಗ್ವಾಟೆಮಾಲಾದವರು ಆಶ್ರಯ ಕೇಳಿದರೆ ನೂರರಲ್ಲಿ ಮೂವರಿಗೂ ಸಿಗುತ್ತಿರಲಿಲ್ಲ. ಆ ಸರ್ಕಾರಗಳ ಬೆನ್ನಿಗೆ ಅಮೆರಿಕವೇ ನಿಂತಿತ್ತಲ್ಲ, ಅಲ್ಲಿ ಜೀವಕ್ಕೆ ಅಪಾಯ ಇದೆ ಅಂತ ಹೇಗೆ ಒಪ್ಪಿಕೊಳ್ಳುವುದು? ಸರ್ಕಾರ ಚರ್ಚಿನ ಸಭೆಗಳೊಳಗೆ ಗುಟ್ಟಾಗಿ ತನ್ನವರನ್ನು ಕಳಿಸಿ ಮಾತು ರೆಕಾರ್ಡ್ ಮಾಡಿಸಿತು. 1986ರಲ್ಲಿ ಫೈಫ್ ಸೇರಿ ಎಂಟು ಜನರ ಮೇಲೆ ಅಪರಾಧ ಸಾಬೀತಾಯಿತು. ಯಾರೂ ಜೈಲಿಗೆ ಹೋಗಲಿಲ್ಲ, ಪ್ರೊಬೇಷನ್ ಅಷ್ಟೇ, ಅಂದರೆ ಹೊರಗೇ ಇದ್ದು ನಿಗಾದಲ್ಲಿರುವುದು. 1991ರಲ್ಲಿ ಚರ್ಚುಗಳು ಹಾಕಿದ ಇನ್ನೊಂದು ಕೇಸು ರಾಜಿಯಾಗಿ, ಆ ಎರಡು ದೇಶದವರ ಅರ್ಜಿಗಳನ್ನು ಹೊಸದಾಗಿ ನೋಡಲು ಸರ್ಕಾರ ಒಪ್ಪಿತು.

ಮರುಭೂಮಿಯ ಸಾವು ಆಮೇಲಿನ ಕಥೆ. 1994ರಲ್ಲಿ ಸ್ಯಾನ್ ಡಿಯಾಗೋ ಕಡೆ ಬೇಲಿ, ದೀಪ, ಕಾವಲು ಬಿಗಿ ಮಾಡಿದರು. ಊರಿನ ಹತ್ತಿರ ದಾಟುವುದು ಆಗದಿದ್ದರೆ ಜನ ಕಷ್ಟದ ಜಾಗ ನೋಡಿ ಹಿಂದೆ ಸರಿಯುತ್ತಾರೆ ಅಂತ ಲೆಕ್ಕ. ಜನ ಹಿಂದೆ ಸರಿಯಲಿಲ್ಲ, ನಮ್ಮ ಸೊನೋರಾ ಮರುಭೂಮಿಗೆ ಬಂದರು. ಹಾಸನದವರ "ನೀರು ಇಟ್ಟರೆ ಜನ ಬರುತ್ತಾರೆ" ಅನ್ನುವ ಮಾತಿಗೆ ಇದೇ ನನ್ನ ಉತ್ತರ. ಮೊದಲು ಜನ ಬಂದರು, ಹೆಣ ಸಿಕ್ಕಿತು. ನೀರು ಬಂದದ್ದು ಆಮೇಲೆ.

ನಮ್ಮ ಪೀಮಾ ಕೌಂಟಿಯ ಶವಪರೀಕ್ಷೆ ಕಚೇರಿ ಹ್ಯೂಮೇನ್ ಬಾರ್ಡರ್ಸ್ ಜೊತೆ ಸೇರಿ ಒಂದು ನಕ್ಷೆ ಇಟ್ಟಿದೆ. ಹೆಣ ಸಿಕ್ಕಿದ ಒಂದೊಂದು ಜಾಗಕ್ಕೆ ಒಂದೊಂದು ಕೆಂಪು ಚುಕ್ಕೆ. 4 ಸಾವಿರಕ್ಕೂ ಜಾಸ್ತಿ ಚುಕ್ಕೆಗಳು. ಎಷ್ಟೋ ಚುಕ್ಕೆಗಳಿಗೆ ಹೆಸರೇ ಇಲ್ಲ. ಬರೀ ಮೆಕ್ಸಿಕೋದವರು ಅಂದುಕೊಳ್ಳಬೇಡಿ. 2019ರ ಜೂನ್‌ನಲ್ಲಿ ಗಡಿಯ ಲ್ಯೂಕ್‌ವಿಲ್ ಊರಿನ ಪಶ್ಚಿಮಕ್ಕೆ ಸಿಕ್ಕಿದ್ದು ಭಾರತದ ಆರು ವರ್ಷದ ಮಗು. ತಾಯಿ ನೀರು ಹುಡುಕಿಕೊಂಡು ಹೋಗಿದ್ದಳು. ಅವತ್ತು 42 ಡಿಗ್ರಿ ಬಿಸಿಲು.

ಇನ್ನು ಬೆಟಗೇರಿಯವರಿಗೆ ಬೇಕಾದ ಕಾನೂನಿನ ಮಾತು. ನಾನು ವಕೀಲನಲ್ಲ, ಕೇಳಿಕೊಂಡು ಹೋಗಿ. ಪೀಪಾಯಿಗಳು ಇರುವುದು ಜಾಗದ ಒಡೆಯರ ಅನುಮತಿ ಪಡೆದು, ಗುಟ್ಟಿನ ಕೆಲಸ ಅಲ್ಲ. ತಕರಾರು ಬಂದಿರುವುದು ಅನುಮತಿ ಇಲ್ಲದ ಕಡೆ ಕ್ಯಾನ್ ಇಟ್ಟವರಿಗೆ. 2008ರಲ್ಲಿ ವನ್ಯಧಾಮದಲ್ಲಿ ನೀರಿನ ಕ್ಯಾನ್ ಇಟ್ಟ ಒಬ್ಬರ ಮೇಲೆ ಕಸ ಹಾಕಿದ ಕೇಸು ಬಿತ್ತು! ಶಿಕ್ಷೆಯೂ ಆಯಿತು, 2010ರಲ್ಲಿ ಮೇಲಿನ ಕೋರ್ಟು ರದ್ದು ಮಾಡಿತು. 2019ರಲ್ಲಿ ಮತ್ತೆ ನಾಲ್ವರು ಹೆಂಗಸರಿಗೆ ಶಿಕ್ಷೆ. ಮುಂದಿನ ವರ್ಷ ಅದೂ ಬಿದ್ದುಹೋಯಿತು. ಯಾವ ಆಧಾರದ ಮೇಲೆ ಗೊತ್ತಾ? 1993ರ ಧಾರ್ಮಿಕ ಸ್ವಾತಂತ್ರ್ಯದ ಕಾನೂನು. ನೀರಿಡುವುದು ಅವರ ನಂಬಿಕೆಯ ಆಚರಣೆ ಅಂತ ನ್ಯಾಯಾಧೀಶರು ಒಪ್ಪಿದರು. ಸ್ಕಾಟ್ ವಾರನ್ ಕೇಸು ಇನ್ನೂ ಗಟ್ಟಿ. ಇಬ್ಬರಿಗೆ ಊಟ, ನೀರು, ಮಲಗಲು ಜಾಗ ಕೊಟ್ಟಿದ್ದಕ್ಕೆ ಆಶ್ರಯ ಕೊಟ್ಟ ಆರೋಪ. 2019ರ ಜೂನ್‌ನಲ್ಲಿ ಜ್ಯೂರಿಯವರಿಗೆ ಒಮ್ಮತ ಬರಲಿಲ್ಲ, ನವೆಂಬರ್‌ನಲ್ಲಿ ಬಿಡುಗಡೆ.

ಎಚ್-1ಬಿಯವರು ನೆನಪಿಡಬೇಕಾದ್ದು: ನೀರು ಕೊಡಿ, ತುರ್ತು ಸಹಾಯದ 911ಕ್ಕೆ ಕರೆ ಮಾಡಿ. ಕಾರು ಮಾತ್ರ ಹತ್ತಿಸಬೇಡಿ. ಅಲ್ಲಿಂದ ಕಾನೂನು ಬೇರೆಯಾಗುತ್ತದೆ.

---

ಬೀದರ್_ಬಿಸಿಲು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಚುಚ್ಚಿದ್ದು ಮೊದಲನೇ ಪೋಸ್ಟಿನ ಅರವಟಿಗೆ. ನಿಮ್ಮಜ್ಜಿ ಯಾರನ್ನೂ ಕೇಳಲಿಲ್ಲ ಅಂದಿರಿ, ನಂಬುತ್ತೇನೆ, ಚರ್ಚಿನ ಗೇಟು. ಆದರೆ ಎಲ್ಲಾ ಅರವಟಿಗೆ ಹಾಗಿರಲಿಲ್ಲ. ನಮ್ಮಜ್ಜ ಹೇಳುತ್ತಿದ್ದರು. ನೀರು ಕೊಡುತ್ತಿದ್ದರು, ಇಲ್ಲ ಅನ್ನಬಾರದು. ತಂಬಿಗೆ ಕೊಡುತ್ತಿರಲಿಲ್ಲ. ಬೊಗಸೆ ಒಡ್ಡಿ ಬಗ್ಗಿ ನಿಲ್ಲಬೇಕು, ಮೇಲಿಂದ ಸುರಿಯುತ್ತಿದ್ದರು. ಅರ್ಧ ಬಾಯಿಗೆ, ಅರ್ಧ ಮೊಣಕೈಯಿಂದ ಮಣ್ಣಿಗೆ. ನಾವು ಮೆಥೋಡಿಸ್ಟ್ ಆದದ್ದಕ್ಕೆ ಆ ಬೊಗಸೆಯೂ ಒಂದು ಕಾರಣ.

ಅದಕ್ಕೇ ಯೋಹಾನ 4 ನಮ್ಮ ಮನೆಯಲ್ಲಿ ಬೇರೆ ರೀತಿ ಓದುತ್ತೇವೆ. ಸಮಾರ್ಯದವಳ ಬಾವಿಯ ಹತ್ತಿರ ನೀರು ಕೇಳಿದವನು ಯಾರು? ಯೇಸು. ದಾರಿ ನಡೆದು ಸುಸ್ತಾಗಿ, ಮಧ್ಯಾಹ್ನದ ಬಿಸಿಲಲ್ಲಿ, ಹೊರಗಿನವನಾಗಿ, ಮುಟ್ಟಬಾರದವಳ ಪಾತ್ರೆಯಿಂದ. ನೀರು ಕೊಡುವವರು ದೊಡ್ಡವರು, ಕುಡಿಯುವವರು ಸಣ್ಣವರು ಅನ್ನುವ ಲೆಕ್ಕವೇ ಅಲ್ಲಿ ತಲೆಕೆಳಗು.

ಬೆಟಗೇರಿ ಅಣ್ಣ, ಆ ಪೀಪಾಯಿಗೆ ನಲ್ಲಿ ಇದೆಯಾ? ಕುಡಿಯುವವನು ತಾನೇ ತಿರುಗಿಸಿಕೊಳ್ಳಬಹುದಾ? ನನಗೆ ಅದು ಮುಖ್ಯ.

---

ವೇದಿಕೆ_ನಿರ್ವಾಹಕ

ಒಂದು ಕಾಮೆಂಟ್ ತೆಗೆದಿದ್ದೇನೆ. ಯಾವುದು ಅಂತ ಬರೆದವರಿಗೆ ಗೊತ್ತು. ಮತಾಂತರದ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

---

ಕೋಲಾರ_ಹುಣಸೆ

ಒಂದು ಅನುಮಾನ. ಈಗ ಗಡಿ ದಾಟುವವರೇ ತುಂಬಾ ಕಡಿಮೆ ಆಗಿದ್ದಾರಂತಲ್ಲ. ಹಾಗಾದರೆ ನೀರು ಯಾರಿಗೆ?

---

ಶಂಕರಪುರ_ಮಲ್ಲಿಗೆ

ಕಡಿಮೆ ಅಂದರೆ ಇಲ್ಲ ಅಂತಲ್ಲ. ಈಗ ಹೆದರಿಕೆ ಗಡಿಯಲ್ಲಿ ಮಾತ್ರ ಇಲ್ಲ, ಊರೊಳಗೆ ಬಂದಿದೆ. ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹಿಡಿಯಬಾರದು ಅಂತ ಮೊದಲು ಒಂದು ನಿಯಮ ಇತ್ತು. 2025ರ ಜನವರಿಯಲ್ಲಿ ಅದನ್ನು ತೆಗೆದರು. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಬಿಷಪ್ ಒಂದು ಆದೇಶ ಹೊರಡಿಸಿದರು. ಹಿಡಿಯುತ್ತಾರೆ ಎಂಬ ಹೆದರಿಕೆ ಇರುವವರು ಭಾನುವಾರದ ಪೂಜೆಗೆ ಬರದಿದ್ದರೂ ಪಾಪವಲ್ಲ ಅಂತ. ಕಥೋಲಿಕರಿಗೆ ಗೊತ್ತು, ಇದು ಸಣ್ಣ ಮಾತಲ್ಲ. ಕೊರೋನಾ ಕಾಲದಲ್ಲಿ ಕೊಟ್ಟಂಥ ರಿಯಾಯಿತಿ.

ಅಣ್ಣನೂ ಶುಕ್ರವಾರದ ಪೂಜೆಗೆ ಹೋಗುವಾಗ ಪೊಲೀಸ್ ಗಾಡಿ ಇಲ್ಲದ ಗಲ್ಲಿ ನೋಡಿಕೊಂಡು ಹೋಗುತ್ತಿದ್ದನಂತೆ. ಹಿಂದಿನ ಬೆಂಚು, ಬಾಗಿಲ ಪಕ್ಕ.

---

ಬೆಟಗೇರಿ_ಹರವಿ

ಹೋಗಿ ಬಂದೆ.

ಯಾರ ಮಾತು ಗೆದ್ದಿತು ಅಂತ ಕೇಳಬೇಡಿ. ಶುಕ್ರವಾರ ರಾತ್ರಿ ಆ ಅಜ್ಜಿಯೇ ಫೋನ್ ಮಾಡಿ "ಬೆಳಗ್ಗೆ ಐದಕ್ಕೆ, ಟೋಪಿ ತಾ" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಟ್ರಕ್ಕಿನ ಹಿಂದೆ ನೀರಿನ ಟ್ಯಾಂಕು, ಪಂಪು, ಉದ್ದ ಪೈಪು. ಡಾಂಬರು ಮುಗಿದ ಮೇಲೆ ಒಂದು ಗಂಟೆ ಕಲ್ಲು ದಾರಿ. ಸುತ್ತ ನೋಡಿದರೆ ನಮ್ಮೂರಿನ ದಾರಿಯೇ. ಮೆಸ್ಕೀಟ್ ಅಂತಾರಲ್ಲ ಇಲ್ಲಿ, ನಮ್ಮ ಬಳ್ಳಾರಿ ಜಾಲಿಯ ಅಣ್ಣತಮ್ಮ. ಅದೇ ಎಲೆ, ಅದೇ ಮುಳ್ಳು. ಬಳ್ಳಾರಿ ಜಾಲಿ ಮೂಲದಲ್ಲಿ ಈ ಅಮೆರಿಕ ಖಂಡದ ಗಿಡ ಅಂತ ಆಗ ನೆನಪಾಯಿತು. ನಮ್ಮಲ್ಲಿ ಹೊಲಕ್ಕೆ ನುಗ್ಗಿ ಕೂತಿದೆ, ತೆಗೆಯಲು ಯಾರ ಕೈಲೂ ಆಗಿಲ್ಲ. ಗಾಡಿಯಲ್ಲಿ ಒಬ್ಬನೇ ನಕ್ಕೆ, ಯಾಕೆ ಅಂತ ಅಜ್ಜಿಗೆ ಹೇಳಲು ಹೋಗಲಿಲ್ಲ.

ಎತ್ತರದ ಕಂಬ, ತುದಿಗೆ ನೀಲಿ ಬಾವುಟ, ಬಿಸಿಲಿಗೆ ಬಣ್ಣ ಹಾರಿದೆ. ಕೆಳಗೆ ಅಡ್ಡ ಮಲಗಿಸಿದ ಸುಮಾರು 200 ಲೀಟರಿನ ಪೀಪಾಯಿಗಳು. ಬೀದರ್ ಅಣ್ಣ, ನಲ್ಲಿ ಇದೆ. ಕುಡಿಯುವವನೇ ತಿರುಗಿಸಿಕೊಳ್ಳಬೇಕು, ಅಲ್ಲಿ ಬೇರೆ ಯಾರೂ ಇರುವುದಿಲ್ಲ. ನಲ್ಲಿಯ ಕೆಳಗೆ ಕರೀ ಜೇಡ ಗೂಡು ಕಟ್ಟುತ್ತದೆ, ವಿಷದ್ದು, ಕಡ್ಡಿಯಿಂದ ತೆಗೆಯಬೇಕು. ಎರಡನೇ ಜಾಗದಲ್ಲಿ ಒಂದು ಪೀಪಾಯಿಗೆ ಯಾರೋ ಚಾಕು ಹಾಕಿದ್ದರು. ನೀರು ಪೂರ್ತಿ ಖಾಲಿ. ಅಜ್ಜಿ ಏನೂ ಅನ್ನಲಿಲ್ಲ. ಟ್ರಕ್ಕಿನಲ್ಲಿ ಇನ್ನೊಂದು ಇತ್ತು, ಇಳಿಸಿದರು. ಇದು ಆಗಾಗ ಆಗುತ್ತದಂತೆ.

ಪಕ್ಕದ ಹಳ್ಳದಲ್ಲಿ ಸಾಮಾನು ಬಿದ್ದಿತ್ತು. ಕಪ್ಪು ಬಣ್ಣದ ನೀರಿನ ಕ್ಯಾನು, ಬಿಳಿಯದಾದರೆ ರಾತ್ರಿ ಹೊಳೆಯುತ್ತದೆ ಅಂತ. ಕಾಲಿಗೆ ಹಾಕಿಕೊಳ್ಳುವ ಕಂಬಳಿ ಚೀಲ, ಅಡಿಭಾಗಕ್ಕೆ ಜಮಖಾನದ ತುಂಡು ಹೊಲಿದದ್ದು, ಹೆಜ್ಜೆ ಗುರುತು ಬೀಳದಿರಲಿ ಅಂತ. ಅದರ ಹೊಲಿಗೆ ನೋಡಿದೆ. ಕೈಹೊಲಿಗೆ, ಒತ್ತೊತ್ತಾಗಿ ಹಾಕಿದ್ದು. ಯಾರೋ ಮನೆಯಲ್ಲಿ ಕೂತು ಹೊಲಿದಿದ್ದಾರೆ. ತನಗೇ ಹೊಲಿದುಕೊಂಡದ್ದಾ, ಕಳಿಸುವವರು ಹೊಲಿದದ್ದಾ ಗೊತ್ತಾಗಲಿಲ್ಲ.

ಹೊಟ್ಟೆಕಿಚ್ಚು ಹೋಯಿತಾ ಅಂದರೆ ಇಲ್ಲ. ಸೋಮವಾರ ಬೆಳಗ್ಗೆ ಸರದಿ ಎಲ್ಲಿಗೆ ಬಂತು ಅಂತ ತಿಳಿಸುವ ವೀಸಾ ಬುಲೆಟಿನ್ ತೆಗೆದು ನೋಡಿದೆ, ನನ್ನ ದಿನಾಂಕ ಇದ್ದಲ್ಲೇ ಇದೆ. ಮತ್ತೆ ಹೊಟ್ಟೆ ಉರಿಯಿತು. ಮಲ್ಲಿಗೆ ಅಕ್ಕ, ಆ ಹಿರಿಯ ಮಗ ಕೊನೆಗೆ ಮನೆಯೊಳಗೆ ಹೋದನಾ ಅಂತ ಲೂಕ ಬರೆದೇ ಇಲ್ಲ, ರಾತ್ರಿ ತೆಗೆದು ಓದಿದೆ. ಮಗಳು ಮುಂದಿನ ಸಲ ತಾನೂ ಬರುತ್ತೇನೆ ಅಂದಿದ್ದಾಳೆ. ನೋಡ್ತೀನಿ ಅಂದಿದ್ದೇನೆ. ಅವಳಿಗೆ ನೋಡ್ತೀನಿ ಅಂದರೆ ಏನು ಅಂತ ಗೊತ್ತು.

---

ಬೀದರ್_ಬಿಸಿಲು

ನಲ್ಲಿ ಇದೆ ಅಂದಿರಲ್ಲ, ಸಾಕು.

---

ಹೂಸ್ಟನ್_ಹಾಸನ

ನಾನು ಒಪ್ಪಿಲ್ಲ. ಚರ್ಚಿನ ದುಡ್ಡು, ಶ್ರಮ ಗಡಿಯ ಆಚೆ ಹಳ್ಳಿಗಳಲ್ಲಿ ಖರ್ಚಾಗಬೇಕು, ಜನ ಹೊರಡದ ಹಾಗೆ. ಅಮೆರಿಕ, ಮೆಕ್ಸಿಕೋ ಬಿಷಪ್ಪರೇ 2003ರ ಜಂಟಿ ಪತ್ರದಲ್ಲಿ ಮೊದಲು ಹೇಳಿದ್ದು ಅದನ್ನೇ, ತನ್ನ ಊರಲ್ಲೇ ಬದುಕುವ ಅವಕಾಶ ಮನುಷ್ಯನ ಹಕ್ಕು ಅಂತ. ಅದರ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ, ಎಲ್ಲರೂ ಬನ್ನಿ.

ಚಾಕು ಹಾಕಿದವನು ಮಾಡಿದ್ದು ಮಾತ್ರ ಹೊಲಸು ಕೆಲಸ. ಆ ಜೇಡಕ್ಕೆ ಕಡ್ಡಿ ಸಾಲದು ಸರ್, ಟೆಕ್ಸಾಸ್‌ನಲ್ಲೂ ಇದೆ, ನನಗೆ ಗೊತ್ತು. ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಮಗಳು ಬಂದರೆ ಅವಳಿಗೂ ಒಂದು ಜೊತೆ ತೆಗೆದುಕೊಳ್ಳಿ.